ಒಂದು ಸೆಕೆಂಡ್ ಆಡಿದ್ರೂ ಒಂದು ವರ್ಷ ಹೋಯ್ತು: ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಯಾವುದು ‘ಆಟ’, ಯಾವುದು ಅಲ್ಲ?

ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ.

ಕ್ಯಾಮ್ ಮೆಕಾರ್ಮಿಕ್ ಅಂತ ಒಬ್ಬ ಅಮೆರಿಕನ್ ಫುಟ್‌ಬಾಲ್ ಆಟಗಾರ. 2016ರಲ್ಲಿ ಒರೆಗಾನ್ ವಿಶ್ವವಿದ್ಯಾಲಯ ಸೇರಿದ. 2024ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ಪರ ಆಡ್ತಾ ಇದ್ದ. ಅಂದ್ರೆ ಕಾಲೇಜು ಫುಟ್‌ಬಾಲ್‌ನಲ್ಲಿ ಅದು ಅವನ ಒಂಬತ್ತನೇ ವರ್ಷ. ನಮ್ಮಲ್ಲಿ ಯಾರಾದ್ರೂ ಒಂಬತ್ತು ವರ್ಷ ಕಾಲೇಜ್ ಟೀಮ್‌ನಲ್ಲಿದ್ರೆ ‘ಇವನಿಗೆ ಬ್ಯಾಕ್‌ಲಾಗ್ ಎಷ್ಟಿದೆಯಪ್ಪ’ ಅಂತ ಕೇಳ್ತೀವಿ. ಆದ್ರೆ ಈತ ಡಿಗ್ರಿ ಯಾವಾಗ್ಲೋ ಮುಗಿಸಿದ್ದ. ರೂಲ್ ಕೂಡ ಮುರಿದಿರಲಿಲ್ಲ. ರೂಲ್ ಹೇಳೋದು ನಾಲ್ಕು ಸೀಸನ್ ಆಡಬಹುದು ಅಂತ. ಅವನು ಆಡಿದ್ದೂ ನಾಲ್ಕೇ ಸೀಸನ್.

ಹೇಗೆ? ಮೊದಲ ವರ್ಷ ಬರೀ ಪ್ರಾಕ್ಟೀಸ್, ಮ್ಯಾಚ್ ಇಲ್ಲ. 2017ರಲ್ಲಿ ಆಡಿದ, ಒಂದು. 2018ರ ಮೊದಲ ಮ್ಯಾಚ್‌ನಲ್ಲೇ ಕಾಲು ಮುರಿಯಿತು. 2019 ಪೂರ್ತಿ ಹೊರಗೆ. 2020ರಲ್ಲೂ ಅಂಗಳಕ್ಕೆ ಇಳಿಯಲಿಲ್ಲ, ಅದು ಹೇಗಿದ್ರೂ ಕೋವಿಡ್ ವರ್ಷ. 2021ರಲ್ಲಿ ಎರಡನೇ ಮ್ಯಾಚ್‌ಗೆ ಹಿಮ್ಮಡಿಯ ನರ ಹರಿಯಿತು. ಆಮೇಲೆ 2022, 2023, 2024. ಒಟ್ಟು ನಾಲ್ಕು. ಉಳಿದ ಐದು ವರ್ಷ ಆ ಹುಡುಗ ಬೆವರು ಸುರಿಸಿದ್ದಾನೆ, ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಎರಡು ಸಲ ಅಂಗಳಕ್ಕೆ ಇಳಿದೂ ಇದ್ದಾನೆ. ಆದ್ರೆ ಪುಸ್ತಕದ ಪ್ರಕಾರ ಅವನು ಆ ವರ್ಷಗಳಲ್ಲಿ ಆಡಿಲ್ಲ.

ಇದರ ಉಲ್ಟಾ ಕೂಡ ಅಲ್ಲಿ ಆಗುತ್ತೆ. ಬಾಸ್ಕೆಟ್‌ಬಾಲ್ ಲೀಗ್ ಮ್ಯಾಚ್‌ನ ಕೊನೆಯ ಹತ್ತು ಸೆಕೆಂಡ್‌ಗೆ ಕೋಚ್ ಒಬ್ಬ ಹೊಸ ಹುಡುಗನನ್ನು ಒಳಗೆ ಕಳಿಸಿದ್ರೆ, ಅವನು ಬಾಲ್ ಮುಟ್ಟದೇ ಇದ್ರೂ, ಒಂದಿಡೀ ಸೀಸನ್ ಅವನ ಖಾತೆಯಿಂದ ಕಳೀತು ಅಂತ ಲೆಕ್ಕ. ನಾಲ್ಕರಲ್ಲಿ ಒಂದು ಹೋಯ್ತು.

ಹಾಗಾದ್ರೆ ಅಲ್ಲಿ ‘ಆಡೋದು’ ಅಂದ್ರೆ ಏನು? ಇದು ಅಮೆರಿಕದವರ ತಲೆನೋವು, ನಮಗ್ಯಾಕೆ ಅನ್ನಬೇಡಿ. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ, ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಹಿಡಿದು ಅಮೆರಿಕಕ್ಕೆ ಹೋಗಬೇಕು ಅಂತ ಕನಸು ಕಾಣ್ತಿರೋ ಹುಡುಗ ಹುಡುಗಿಯರ ಲೆಕ್ಕ ಇಲ್ಲೇ, ಊರಲ್ಲೇ, ಶುರುವಾಗಿರುತ್ತೆ. ಬಹಳ ಜನಕ್ಕೆ ಅದು ಗೊತ್ತೇ ಇರಲ್ಲ.

ಯಾರು ಈ ಎನ್‌ಸಿಎಎ?

ಅಮೆರಿಕದ ಕಾಲೇಜು ಕ್ರೀಡೆಯ ಬಹುಪಾಲನ್ನು ನಡೆಸೋ ಸಂಸ್ಥೆ ಎನ್‌ಸಿಎಎ, ಅಂದ್ರೆ ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್. 1906ರಲ್ಲಿ ಹುಟ್ಟಿದ್ದು. ಆಫೀಸ್ ಇರೋದು ಇಂಡಿಯಾನಾಪೊಲಿಸ್‌ನಲ್ಲಿ. ಡಿವಿಷನ್ 1, 2, 3 ಅಂತ ಮೂರು ಹಂತ. ನಾನು ಇವತ್ತು ಹೇಳೋದು ಡಿವಿಷನ್ 1ರ ಕಥೆ. ದುಡ್ಡು, ಟಿವಿ, ಗಲಾಟೆ, ಎಲ್ಲಾ ಹೆಚ್ಚಾಗಿ ಇರೋದು ಅಲ್ಲೇ.

ನಮ್ಮ ಯೂನಿವರ್ಸಿಟಿ ಕ್ರೀಡೆ ಅಂದ್ರೆ ಖಾಲಿ ಗ್ಯಾಲರಿ, ಒಂದು ಟ್ರ್ಯಾಕ್ ಪ್ಯಾಂಟ್, ಒಂದು ಸರ್ಟಿಫಿಕೇಟ್. ಅಲ್ಲಿ ಒಂದೊಂದು ಕಾಲೇಜು ಸ್ಟೇಡಿಯಂನಲ್ಲಿ ಲಕ್ಷ ಜನ ಕೂರ್ತಾರೆ. ಸ್ಕಾಲರ್‌ಶಿಪ್ ಸಿಕ್ಕರೆ ಫೀಸು, ಹಾಸ್ಟೆಲು, ಊಟ, ಎಲ್ಲಾ ಫ್ರೀ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ಯೂನಿವರ್ಸಿಟಿಗೆ ಬಾಸ್ಕೆಟ್‌ಬಾಲ್ ಆಡೋಕೆ ಹೋಗಿದ್ದು ಇದೇ ದಾರಿಯಲ್ಲಿ. ಟೆನಿಸ್‌ನ ಸೋಮದೇವ್ ದೇವವರ್ಮನ್ ವರ್ಜೀನಿಯಾ ಯೂನಿವರ್ಸಿಟಿ ಪರ ಆಡಿ 2007 ಮತ್ತು 2008ರಲ್ಲಿ ಎರಡು ಸಲ ಸಿಂಗಲ್ಸ್ ಚಾಂಪಿಯನ್ ಆದರು.

2021ರವರೆಗೆ ಸ್ಕಾಲರ್‌ಶಿಪ್ ಬಿಟ್ಟು ಆಟಗಾರರು ಕಾಸು ಮುಟ್ಟೋ ಹಾಗಿರಲಿಲ್ಲ. ಆ ವರ್ಷ ಜುಲೈನಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನ ದುಡ್ಡು ತಗೋಬಹುದು ಅಂತ ಆಯ್ತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ದುಡ್ಡು ಹಂಚಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಈಗ ಅರ್ಥ ಆಯ್ತಲ್ಲ, ಒಂದು ಸೀಸನ್ ಉಳೀತಾ ಹೋಯ್ತಾ ಅನ್ನೋದಕ್ಕೆ ಯಾಕೆ ಕೋರ್ಟ್ ಮೆಟ್ಟಿಲು ಹತ್ತುತಾರೆ ಅಂತ. ಮೊದಲು ಅದು ಹೆಮ್ಮೆಯ ಪ್ರಶ್ನೆ. ಈಗ ಸಂಬಳದ ಪ್ರಶ್ನೆ. (ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಕೆಲಸ ಮಾಡಿ ದುಡಿಯೋದಕ್ಕೆ ಕಟ್ಟುನಿಟ್ಟಿನ ಮಿತಿ ಇದೆ. ಹಾಗಾಗಿ ಈ ಜಾಹೀರಾತಿನ ಹಣ ನಮ್ಮವರ ಕೈಗೆ ಸಲೀಸಾಗಿ ಸಿಗಲ್ಲ. ಅದು ಬೇರೆ ಎಪಿಸೋಡ್‌ನ ವಿಷಯ.)

ಐದು ವರ್ಷ, ನಾಲ್ಕು ಸೀಸನ್

ಮೂಲ ನಿಯಮ ನೋಡೋಕೆ ಸಿಂಪಲ್. ನಿಮಗೆ ಐದು ವರ್ಷದ ಒಂದು ಗಡಿಯಾರ ಕೊಡ್ತಾರೆ. ಆ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಿ ಮುಗಿಸಬೇಕು. ಒಮ್ಮೆ ಶುರುವಾದ ಗಡಿಯಾರ ನಿಲ್ಲಲ್ಲ. ಸೈನ್ಯಕ್ಕೆ ಹೋದ್ರೆ, ಚರ್ಚ್‌ನ ಅಧಿಕೃತ ಸೇವೆಗೆ ಹೋದ್ರೆ, ಗರ್ಭಿಣಿ ಆದ್ರೆ, ಇಂಥ ಕೆಲವೇ ಕಾರಣಕ್ಕೆ ವಿನಾಯಿತಿ. ಮೆಕಾರ್ಮಿಕ್ ಥರ ಮತ್ತೆ ಮತ್ತೆ ಗಾಯ ಆದವರು ಅರ್ಜಿ ಹಾಕಿ ಗಡಿಯಾರವನ್ನು ಹಿಗ್ಗಿಸಿಕೊಳ್ಳಬಹುದು.

ಈಗ ಸೀಸನ್ ಅಂದ್ರೆ? ರೂಲ್‌ಬುಕ್‌ನಲ್ಲಿ ಇದಕ್ಕೆ ಕೊಟ್ಟಿರೋ ಅರ್ಥ ಬಹಳ ಒರಟು. ಆ ಸೀಸನ್‌ನಲ್ಲಿ ಎಷ್ಟೇ ಹೊತ್ತು ಆಗಲಿ, ಕಾಲೇಜಿನ ಪರ ಸ್ಪರ್ಧೆಗೆ ಇಳಿದ್ರೆ ಸಾಕು, ಒಂದು ಸೀಸನ್ ಮುಗೀತು. ಹೊತ್ತಿನ ಲೆಕ್ಕ ಇಲ್ಲ. ಮೂವತ್ತು ಮ್ಯಾಚ್ ಆಡಿದವನಿಗೂ ಒಂದೇ, ಮೂವತ್ತು ಸೆಕೆಂಡ್ ಆಡಿದವನಿಗೂ ಒಂದೇ.

ಹೀಗೆ ಒರಟಾಗಿ ಬರೆದದ್ದಕ್ಕೆ ಕಾರಣ ಇದೆ. ‘ಹತ್ತು ನಿಮಿಷದೊಳಗೆ ಆಡಿದ್ರೆ ಲೆಕ್ಕಕ್ಕಿಲ್ಲ’ ಅಂತ ಬರೆದ್ರೆ ಕೋಚ್‌ಗಳು ಒಂಬತ್ತೂವರೆ ನಿಮಿಷಕ್ಕೆ ಹೊರಗೆ ಕರೀತಾರೆ. ಗೆರೆ ಎಲ್ಲೇ ಎಳೆದ್ರೂ ಅದರ ತುದೀಲಿ ಜನ ನಿಲ್ತಾರೆ. ಹಾಗಾಗಿ ಗೆರೆಯನ್ನು ಸೊನ್ನೆಯಲ್ಲೇ ಎಳೆದುಬಿಟ್ಟರು. ಪಂದ್ಯ ನಡೆಸುವವರಿಗೆ ಇದು ಸುಲಭ. ಆ ಹತ್ತು ಸೆಕೆಂಡ್ ಹುಡುಗನಿಗೆ ಮಾತ್ರ ದುಬಾರಿ.

ಪ್ರಾಕ್ಟೀಸ್ ಮಾತ್ರ ಲೆಕ್ಕಕ್ಕೆ ಬರಲ್ಲ. ಅದರಿಂದಲೇ ಹುಟ್ಟಿದ್ದು ‘ರೆಡ್‌ಶರ್ಟ್’ ಅನ್ನೋ ಪದ್ಧತಿ. ಒಂದು ವರ್ಷ ಟೀಮ್ ಜೊತೆ ಪ್ರಾಕ್ಟೀಸ್ ಮಾಡೋದು, ಜಿಮ್ ಮಾಡೋದು, ಪಾಠ ಕೇಳೋದು, ಆದ್ರೆ ಮ್ಯಾಚ್‌ಗೆ ಇಳಿಯದೇ ಇರೋದು. ಸೀಸನ್ ಉಳೀತು, ಗಡಿಯಾರದಲ್ಲಿ ಒಂದು ವರ್ಷ ಹೋಯ್ತು. ಐದರಲ್ಲಿ ನಾಲ್ಕು ಅಂದ್ರೆ ಇದೇ ಅರ್ಥ, ಒಂದು ವರ್ಷ ಹೀಗೆ ಕಳೆಯೋಕೆ ಜಾಗ ಇಟ್ಟಿದ್ದಾರೆ. ಈ ಹೆಸರು 1937ರಲ್ಲಿ ನೆಬ್ರಾಸ್ಕದ ವಾರನ್ ಆಲ್ಫ್ಸನ್ ಎಂಬ ಆಟಗಾರನಿಂದ ಬಂತು ಅಂತಾರೆ. ಈ ವರ್ಷ ನಾನು ಬರೀ ಪ್ರಾಕ್ಟೀಸ್ ಮಾಡ್ತೀನಿ ಅಂತ ಕೇಳಿಕೊಂಡನಂತೆ, ನಂಬರ್ ಇಲ್ಲದ ಕೆಂಪು ಶರ್ಟ್ ಹಾಕ್ಕೊಂಡು ಓಡಾಡ್ತಿದ್ದನಂತೆ.

ಅಥ್ಲೆಟಿಕ್ಸ್‌ನಲ್ಲಿ ಇದು ಇನ್ನೂ ಮಜವಾಗಿದೆ. ಅಲ್ಲಿ ರೆಡ್‌ಶರ್ಟ್ ಓಟಗಾರ ರೇಸ್ ಓಡಬಹುದು! ಆದ್ರೆ ‘ಅನ್‌ಅಟ್ಯಾಚ್ಡ್’ ಆಗಿ, ಯಾವ ಕಾಲೇಜಿಗೂ ಸೇರದವನ ಥರ. ಕಾಲೇಜಿನ ಜೆರ್ಸಿ ಹಾಕೋ ಹಾಗಿಲ್ಲ, ಕಾಲೇಜು ಖರ್ಚು ಕೊಡೋ ಹಾಗಿಲ್ಲ. ಅದೇ ಟ್ರ್ಯಾಕ್, ಅದೇ ಪಿಸ್ತೂಲು, ಅದೇ ಸ್ಟಾಪ್‌ವಾಚ್, ಪಕ್ಕದ ಲೇನ್‌ನಲ್ಲಿ ಅದೇ ಕಾಲೇಜಿನ ರೂಮ್‌ಮೇಟ್. ರೂಮ್‌ಮೇಟ್‌ಗೆ ಸೀಸನ್ ಲೆಕ್ಕ, ಇವನಿಗಿಲ್ಲ. ಬನಿಯನ್ ಮೇಲಿನ ಅಕ್ಷರ ಅಷ್ಟೇ ವ್ಯತ್ಯಾಸ.

ನಾಲ್ಕು ಮ್ಯಾಚ್‌ನ ಕಿಟಕಿ

ಫುಟ್‌ಬಾಲ್‌ಗೆ, ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಅವರ ಫುಟ್‌ಬಾಲ್‌ಗೆ, 2018ರಲ್ಲಿ ಈ ಒರಟು ನಿಯಮ ಸ್ವಲ್ಪ ಸಡಿಲ ಆಯ್ತು. ಒಂದು ಸೀಸನ್‌ನಲ್ಲಿ ನಾಲ್ಕು ಮ್ಯಾಚ್‌ವರೆಗೆ ಆಡಿದ್ರೂ ರೆಡ್‌ಶರ್ಟ್ ಉಳಿಯುತ್ತೆ. ಐದನೇ ಮ್ಯಾಚ್‌ಗೆ ಕಾಲಿಟ್ಟರೆ ಸೀಸನ್ ಹೋಯ್ತು. ಉದ್ದೇಶ ಒಳ್ಳೇದು. ಹೊಸ ಹುಡುಗರಿಗೆ ರುಚಿ ಸಿಗಲಿ, ಸೀನಿಯರ್‌ಗಳಿಗೆ ಗಾಯ ಆದಾಗ ಯಾರನ್ನಾದ್ರೂ ಇಳಿಸೋಕೆ ಕೋಚ್ ಹೆದರದೇ ಇರಲಿ.

ಆದ್ರೆ ಗೆರೆ ಎಳೆದ ಮೇಲೆ ಅದರ ತುದೀಲಿ ಜನ ನಿಲ್ಲಲೇಬೇಕಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ತಂಡ ಮೂರಕ್ಕೆ ಮೂರೂ ಮ್ಯಾಚ್ ಗೆದ್ದಿತ್ತು. ಆಗ ಅದರ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ, ಈ ವರ್ಷ ಇನ್ನು ಆಡಲ್ಲ, ರೆಡ್‌ಶರ್ಟ್ ತಗೋತೀನಿ ಅಂತ ಹೇಳಿ ಹೊರಟ. ತನಗೆ ಕೊಟ್ಟ ಮಾತು ಉಳಿಸಿಕೊಂಡಿಲ್ಲ ಅನ್ನೋದು ಅವನ ವಾದ. ವಿಶ್ವವಿದ್ಯಾಲಯ ಅದನ್ನು ಒಪ್ಪಲಿಲ್ಲ. ಯಾರು ಸರಿ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಹೊಸಬರಿಗೆ ಅನುಭವ ಸಿಗಲಿ ಅಂತ ಬರೆದ ನಿಯಮ, ಆರು ವರ್ಷದಲ್ಲಿ ಚೌಕಾಸಿ ಮಾಡೋ ಅಸ್ತ್ರ ಆಯ್ತು. ಕ್ಯಾಲೆಂಡರ್‌ನಲ್ಲಿ ನಾಲ್ಕನೇ ಮ್ಯಾಚ್‌ನ ದಿನಾಂಕಕ್ಕೆ ಈಗ ಬೇರೆಯೇ ಬೆಲೆ.

ಗಾಯದ ಲೆಕ್ಕ ಇನ್ನೊಂದು. ಸೀಸನ್‌ನ ಮೊದಲರ್ಧದಲ್ಲೇ ಗಾಯ ಆಗಿರಬೇಕು, ಆ ವರ್ಷ ಮತ್ತೆ ಆಡೋಕೆ ಆಗದಷ್ಟು ಗಾಯ ಆಗಿರಬೇಕು, ಅಲ್ಲಿಯವರೆಗೆ ಆಡಿದ್ದು ಮೂರು ಮ್ಯಾಚ್ ಅಥವಾ ಒಟ್ಟು ಮ್ಯಾಚ್‌ಗಳ ಶೇಕಡಾ 30, ಇದರಲ್ಲಿ ಯಾವುದು ಜಾಸ್ತಿಯೋ ಅದನ್ನು ಮೀರಿರಬಾರದು. ಇಷ್ಟು ಇದ್ರೆ ಆ ಸೀಸನ್ ವಾಪಸ್ ಸಿಗಬಹುದು. 12 ಮ್ಯಾಚ್‌ನ ಸೀಸನ್ ಅಂದ್ರೆ ಶೇಕಡಾ 30 ಅಂದ್ರೆ 3.6, ಅದನ್ನು 4 ಅಂತ ತಗೋತಾರೆ. ಏಳನೇ ಮ್ಯಾಚ್‌ನಲ್ಲಿ ಮೊಣಕಾಲು ಹೋದ್ರೆ? ಸಾರಿ. ನೋವು ಅಷ್ಟೇ, ಸರ್ಜರಿ ಅಷ್ಟೇ, ಆದ್ರೆ ಸೀಸನ್ ಹೋಯ್ತು. ನನಗೆ ಈ ನಿಯಮದಲ್ಲಿ ಕಾಣೋದು ಇದೇ ಕ್ರೌರ್ಯ, ಇದಕ್ಕೆ ಪರಿಹಾರ ಏನು ಅಂತ ಕೇಳಿದ್ರೆ ನನ್ನತ್ರನೂ ಇಲ್ಲ.

ಮತ್ತೆ ಕೋವಿಡ್. 2020-21ರಲ್ಲಿ ಆಡಿದವರಿಗೂ ಆಡದವರಿಗೂ ಆ ಸೀಸನ್ ಲೆಕ್ಕಕ್ಕೇ ಇಲ್ಲ ಅಂತ ಎನ್‌ಸಿಎಎ ಹೇಳಿತು. ಟ್ರೋಫಿ ಗೆದ್ದವರು ಗೆದ್ದರು, ದಾಖಲೆ ಬರೆದವರು ಬರೆದರು. ಆದ್ರೆ ಖಾತೆಯಲ್ಲಿ ಸೊನ್ನೆ. ಬರೆದವರು ಮನಸ್ಸು ಮಾಡಿದ್ರೆ ಒಂದಿಡೀ ವರ್ಷದ ಆಟ ‘ಆಟ ಅಲ್ಲ’ ಆಗಬಹುದು ಅನ್ನೋದು ಅವತ್ತು ಎಲ್ಲರಿಗೂ ಕಾಣಿಸ್ತು. ಮುಂದೆ ಬಂದ ಕೋರ್ಟ್ ಕೇಸ್‌ಗಳಿಗೆ ಅಲ್ಲೇ ಬೀಜ ಬಿತ್ತು ಅಂತ ನನಗನ್ನಿಸುತ್ತೆ.

ಕಾಲೇಜು ಸೇರೋ ಮುಂಚಿನ ಆಟ

ಈಗ ನಮಗೆ ನೇರವಾಗಿ ತಟ್ಟೋ ಭಾಗಕ್ಕೆ ಬರೋಣ. ಸ್ವಲ್ಪ ನಿಧಾನವಾಗಿ ಕೇಳಿ.

ಎನ್‌ಸಿಎಎ ಕಾಲೇಜಿನೊಳಗಿನ ಆಟ ಮಾತ್ರ ಎಣಿಸಲ್ಲ. ಹೈಸ್ಕೂಲ್ ಮುಗಿಸಿ, ಅಂದ್ರೆ ನಮ್ಮ ಲೆಕ್ಕದಲ್ಲಿ ಪಿಯುಸಿ ಅಥವಾ ಹನ್ನೆರಡನೇ ಕ್ಲಾಸ್ ಮುಗಿಸಿ, ಕಾಲೇಜು ಸೇರೋವರೆಗಿನ ಮಧ್ಯದ ದಿನಗಳ ಆಟವನ್ನೂ ಎಣಿಸುತ್ತೆ. ಯಾಕೆ? 23 ವರ್ಷದ, ಯುರೋಪ್‌ನ ಲೀಗ್‌ನಲ್ಲಿ ಐದು ವರ್ಷ ಪಳಗಿದವನು ಬಂದು 18ರ ಹುಡುಗರ ಮೇಲೆ ಆಡಿದ್ರೆ ಅನ್ಯಾಯ ಅಂತ. ಅದಕ್ಕೆ ಒಂದು ಗ್ರೇಸ್ ಅವಧಿ ಇಟ್ಟಿದ್ದಾರೆ. ಬಹುತೇಕ ಆಟಗಳಿಗೆ ಒಂದು ವರ್ಷ. ಟೆನಿಸ್‌ಗೆ ಆರೇ ತಿಂಗಳು. ಐಸ್ ಹಾಕಿ, ಸ್ಕೀಯಿಂಗ್‌ಗೆ ಬೇರೆ ಲೆಕ್ಕ, ಅದು ನಮಗೆ ಬೇಡ. ಗ್ರೇಸ್ ಮುಗಿದ ಮೇಲೂ ಕಾಲೇಜು ಸೇರದೆ ‘ಸಂಘಟಿತ ಸ್ಪರ್ಧೆ’ಯಲ್ಲಿ ಆಡ್ತಾ ಇದ್ರೆ, ಅಂಥ ಒಂದೊಂದು ವರ್ಷಕ್ಕೂ ಒಂದೊಂದು ಸೀಸನ್ ಕಟ್. ಸಾಲದು ಅಂತ, ಸಾಮಾನ್ಯವಾಗಿ ಸೇರಿದ ಮೇಲೆ ಒಂದು ವರ್ಷ ಆಡದೇ ಕೂರಬೇಕು.

ಏನಿದು ಸಂಘಟಿತ ಸ್ಪರ್ಧೆ? ರೂಲ್‌ಬುಕ್ ಕೊಡೋ ಗುರುತುಗಳನ್ನ ನಮ್ಮ ಭಾಷೇಲಿ ಹೇಳ್ತೀನಿ. ಮೊದಲೇ ದಿನಾಂಕ ಗೊತ್ತು ಮಾಡಿ ಪ್ರಚಾರ ಮಾಡಿದ್ದಾರಾ? ಅಧಿಕೃತವಾಗಿ ಸ್ಕೋರ್ ಬರೀತಾರಾ? ಪಾಯಿಂಟ್ ಟೇಬಲ್ ಇದೆಯಾ? ಅಂಪೈರ್ ಅಥವಾ ಟೈಮರ್ ಇದ್ದಾರಾ? ಟಿಕೆಟ್ ಇದೆಯಾ? ಟೀಮ್‌ನ ಹೆಸರುಪಟ್ಟಿ ಮೊದಲೇ ಆಗಿದೆಯಾ? ಜೆರ್ಸಿ ಇದೆಯಾ? ಸ್ಪಾನ್ಸರ್ ಇದ್ದಾರಾ? ಯಾವುದಾದ್ರೂ ಸಂಘ, ವ್ಯಕ್ತಿ ಇದನ್ನು ನಡೆಸ್ತಿದ್ದಾರಾ?

ಇವೆಲ್ಲಾ ಇರಬೇಕು ಅಂತಲ್ಲ. ಯಾವುದಾದ್ರೂ ಒಂದು ಇದ್ರೆ ಸಾಕು, ಅದು ಸಂಘಟಿತ ಸ್ಪರ್ಧೆ.

ಈಗ ನಮ್ಮೂರಿನ ಟೂರ್ನಮೆಂಟ್‌ಗಳನ್ನ ನೆನಪಿಸಿಕೊಳ್ಳಿ. ರಾತ್ರಿ ಫ್ಲಡ್‌ಲೈಟ್ ಹಾಕಿ ನಡೆಸೋ ವಾಲಿಬಾಲ್. ಫ್ಲೆಕ್ಸ್‌ನಲ್ಲಿ ಶಾಸಕರ ಫೋಟೋ, ‘ಪ್ರಥಮ ಬಹುಮಾನ’ ಅಂತ ದೊಡ್ಡ ಅಕ್ಷರ, ಮೈಕ್‌ನಲ್ಲಿ ಕಾಮೆಂಟ್ರಿ, ಜೆರ್ಸಿ ಮೇಲೆ ಯಾವುದೋ ಜ್ಯುವೆಲರಿ ಅಂಗಡಿ ಹೆಸರು. ಮೇಲಿನ ಪಟ್ಟಿಯಲ್ಲಿ ಒಂದಲ್ಲ, ಏಳೆಂಟು ಗುರುತು ಅಲ್ಲೇ ಸಿಗುತ್ತೆ. ವಾಲಿಬಾಲ್ ಎನ್‌ಸಿಎಎ ಆಟ. ಹಾಗಾಗಿ ಅಲ್ಲಿಗೆ ಹೋಗಬೇಕು ಅನ್ನೋ ವಾಲಿಬಾಲ್ ಆಟಗಾರ್ತಿಗೆ, ಗ್ರೇಸ್ ವರ್ಷ ದಾಟಿದ ಮೇಲೆ, ರೂಲ್‌ನ ಅಕ್ಷರ ಹಿಡಿದು ಓದಿದ್ರೆ, ಇದೂ ಲೆಕ್ಕಕ್ಕೆ ಬರುತ್ತೆ.

ಕೊಡಗಿಗೆ ಹೋಗಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬ ಗೊತ್ತಲ್ಲ? ಒಂದೊಂದು ಒಕ್ಕ, ಅಂದ್ರೆ ಮನೆತನ, ಒಂದೊಂದು ಟೀಮ್. ಅಜ್ಜ ಮೊಮ್ಮಗ ಒಟ್ಟಿಗೆ ಆಡೋ ಹಬ್ಬ ಅದು, ಹೆಣ್ಣುಮಕ್ಕಳೂ ಆಡ್ತಾರೆ. ನಮ್ಮ ಕಣ್ಣಿಗೆ ಅದು ನೆಂಟರಿಷ್ಟರ ಸಂಭ್ರಮ. ಆದ್ರೆ ಅಂಪೈರ್ ಇದ್ದಾರೆ, ಸ್ಕೋರ್ ಇದೆ, ಜೆರ್ಸಿ ಇದೆ, ವೇಳಾಪಟ್ಟಿ ಇದೆ. ಎನ್‌ಸಿಎಎಯಲ್ಲಿ ಈ ನಮ್ಮ ಹಾಕಿ, ಅವರು ಫೀಲ್ಡ್ ಹಾಕಿ ಅಂತಾರೆ, ಹೆಣ್ಣುಮಕ್ಕಳಿಗೆ ಮಾತ್ರ ಇರೋ ಆಟ. ಅಲ್ಲಿ ಸೇರೋ ಆಸೆ ಇರೋ ಕೊಡಗಿನ ಹುಡುಗಿ ಪಿಯುಸಿ ಆಗಿ ಎರಡನೇ ವರ್ಷ ಮನೆತನದ ಪರ ಸ್ಟಿಕ್ ಹಿಡಿದ್ರೆ, ಪಟ್ಟಿಯ ಪ್ರಕಾರ ಅದು ಕಸಿನ್‌ಗಳ ಜೊತೆಗಿನ ಆಟ ಅಲ್ಲ, ಸಂಘಟಿತ ಸ್ಪರ್ಧೆ. ಈ ಪಟ್ಟಿ ಬರೆದವರ ತಲೆಯಲ್ಲಿ ಇದ್ದದ್ದು ಯುರೋಪ್‌ನ ಕ್ಲಬ್‌ಗಳು ಇರಬೇಕು, ನಾಪೋಕ್ಲು ಇರಲಿಕ್ಕಿಲ್ಲ. ಆದ್ರೆ ಬಲೆ ಹಾಕಿದ ಮೇಲೆ ಯಾವ ಮೀನು ಅಂತ ಬಲೆ ಕೇಳಲ್ಲ.

ಗಮನಿಸಿ, ಇದು ಅದೇ ಆಟಕ್ಕೆ ಮಾತ್ರ. ಹಾಕಿ ಹುಡುಗಿ ಗಲ್ಲಿ ಕ್ರಿಕೆಟ್ ಆಡಿದ್ರೆ ಏನೂ ಆಗಲ್ಲ. ಈ ಸಂದಿಯ ಪ್ರಸಿದ್ಧ ಉದಾಹರಣೆ ಕ್ರಿಸ್ ವಿಂಕಿ. ಆರು ವರ್ಷ ದುಡ್ಡಿಗಾಗಿ ಬೇಸ್‌ಬಾಲ್ ಆಡಿ, ಆಮೇಲೆ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಗೆ ಬಂದು ಫುಟ್‌ಬಾಲ್ ಆಡಿ, 2000ದಲ್ಲಿ, ತನ್ನ 28ನೇ ವಯಸ್ಸಲ್ಲಿ, ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಗೆದ್ದ. ಬೇಸ್‌ಬಾಲ್ ವರ್ಷಗಳು ಫುಟ್‌ಬಾಲ್ ಖಾತೆಗೆ ಬರಲ್ಲ.

‘ಹಾಗಾದ್ರೆ ಡ್ರಾಪ್ ಇಯರ್ ಯಾಕೆ, ಇಲ್ಲೇ ಒಂದು ಡಿಗ್ರಿ ಕಾಲೇಜು ಸೇರಿಬಿಡೋಣ, ಆಮೇಲೆ ಅಮೆರಿಕದ ಆಫರ್ ಬಂದಾಗ ನೋಡೋಣ’ ಅಂತ ಅಪ್ಪ ಅಮ್ಮ ಹೇಳ್ತಾರೆ. ಇನ್ನೊಂದು ಗುಂಡಿ ಇರೋದು ಇಲ್ಲೇ. ಐದು ವರ್ಷದ ಗಡಿಯಾರ ಶುರುವಾಗೋದು ಅಮೆರಿಕದ ಕಾಲೇಜಿಗೆ ಸೇರಿದ ದಿನದಿಂದ ಅಲ್ಲ. ಪ್ರಪಂಚದ ಯಾವುದೇ ದೇಶದ ಕಾಲೇಜಿಗೆ ಫುಲ್‌ಟೈಮ್ ವಿದ್ಯಾರ್ಥಿಯಾಗಿ ಸೇರಿ ತರಗತಿ ಶುರುವಾದಾಗ್ಲೇ ಟಿಕ್ ಟಿಕ್ ಅನ್ನುತ್ತೆ. ಜಯನಗರದ ಬಿಕಾಂ ಆದ್ರೂ ಸರಿ, ಹುಬ್ಬಳ್ಳಿಯ ಇಂಜಿನಿಯರಿಂಗ್ ಆದ್ರೂ ಸರಿ. ಎರಡು ವರ್ಷ ಇಲ್ಲಿ ಓದಿ ಹೋದ್ರೆ ಅಲ್ಲಿ ಉಳಿಯೋದು ಮೂರೇ ವರ್ಷ. ಆ ಎರಡು ವರ್ಷದಲ್ಲಿ ವಿಶ್ವವಿದ್ಯಾಲಯದ ಪರ ಇಂಟರ್-ಯೂನಿವರ್ಸಿಟಿ ಆಡಿದ್ರೆ, ಅದೂ ಕಾಲೇಜು ಸ್ಪರ್ಧೆಯೇ, ಸೀಸನ್ ಕೂಡ ಕಡಿಮೆ ಆಗುತ್ತೆ.

ಅಂದ್ರೆ ಕಾಲೇಜು ಸೇರದೆ ಆಡ್ತಾ ಇದ್ರೆ ಗ್ರೇಸ್ ಮುಗಿಯುತ್ತೆ, ಸೇರಿದ್ರೆ ಗಡಿಯಾರ ಓಡುತ್ತೆ. ದೇಶದ ತಂಡದಲ್ಲಿ ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಶಿಪ್ ಥರದ ಸ್ಪರ್ಧೆ ಮತ್ತು ಅದರ ತರಬೇತಿಗೆ ಒಂದು ವರ್ಷದವರೆಗೆ ವಿನಾಯಿತಿ ಇದೆ, ಆದ್ರೆ ಅಷ್ಟು ಎತ್ತರಕ್ಕೆ 18ರಲ್ಲೇ ಹೋಗಿರೋರು ಎಷ್ಟು ಜನ? ಉಳಿದವರಿಗೆ ಸೇಫ್ ದಾರಿ ಒಂದೇ. ಹತ್ತನೇ ಕ್ಲಾಸ್ ಹೊತ್ತಿಗೇ ಅಮೆರಿಕದ ಕೋಚ್‌ಗಳಿಗೆ ವಿಡಿಯೋ ಕಳಿಸೋಕೆ ಶುರು ಮಾಡೋದು, ಪಿಯುಸಿ ಮುಗಿದ ವರ್ಷವೇ ಅಥವಾ ಅದರ ಮುಂದಿನ ವರ್ಷದೊಳಗೆ ಹೋಗೋದು. ಆಡಿದ ಪ್ರತಿ ಟೂರ್ನಮೆಂಟ್‌ನ ದಿನಾಂಕ ಬರೆದಿಟ್ಟುಕೊಳ್ಳೋದು. ಎನ್‌ಸಿಎಎಯ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ನೋಂದಣಿ ಮಾಡುವಾಗ ಇದನ್ನೆಲ್ಲಾ ಕೇಳ್ತಾರೆ. ಮತ್ತೆ ಏಜೆಂಟ್ ಹೇಳಿದ್ದನ್ನ ನಂಬೋ ಬದಲು, ನೀವು ಸೇರೋ ವರ್ಷದ ರೂಲ್‌ಬುಕ್ ನೋಡಿ, ಆ ಕಾಲೇಜಿನ ಕಂಪ್ಲಯನ್ಸ್ ಆಫೀಸ್‌ಗೆ ಇಮೇಲ್ ಮಾಡಿ ಲಿಖಿತವಾಗಿ ಕೇಳಿ. ಈ ನಿಯಮಗಳು ಈಗ ಬಹಳ ಬೇಗ ಬದಲಾಗ್ತಿವೆ.

ಕೋರ್ಟ್‌ನಲ್ಲಿ ಕೂತ ಪ್ರಶ್ನೆ

ಬದಲಾಗ್ತಿರೋದು ಯಾಕೆ ಅಂದ್ರೆ ಡಿಯಾಗೋ ಪಾವಿಯಾ ಥರದವರಿಂದ. ಈತ ಕ್ವಾರ್ಟರ್‌ಬ್ಯಾಕ್. ದೊಡ್ಡ ಕಾಲೇಜುಗಳ ಬಾಗಿಲು ತೆರೀಲಿಲ್ಲ ಅಂತ ಮೊದಲು ನ್ಯೂ ಮೆಕ್ಸಿಕೋದ ಒಂದು ಜೂನಿಯರ್ ಕಾಲೇಜಿನಲ್ಲಿ ಆಡಿದ. ಆಮೇಲೆ ನ್ಯೂ ಮೆಕ್ಸಿಕೋ ಸ್ಟೇಟ್, ಆಮೇಲೆ ವ್ಯಾಂಡರ್‌ಬಿಲ್ಟ್. 2024ರ ಅಕ್ಟೋಬರ್‌ನಲ್ಲಿ ವ್ಯಾಂಡರ್‌ಬಿಲ್ಟ್ ದೇಶದ ನಂಬರ್ 1 ತಂಡ ಅಲಬಾಮಾವನ್ನು 40-35ರಿಂದ ಸೋಲಿಸಿದಾಗ ಆಡಿಸಿದ್ದು ಇವನೇ.

ಆ ವರ್ಷಕ್ಕೆ ಅವನ ನಾಲ್ಕು ಸೀಸನ್ ಮುಗೀತು ಅಂತ ಲೆಕ್ಕ. ಅದರಲ್ಲಿ ಒಂದು ಜೂನಿಯರ್ ಕಾಲೇಜಿನದ್ದು. ಪಾವಿಯಾ ಕೇಳಿದ ಪ್ರಶ್ನೆ ನೇರವಾಗಿತ್ತು: ಜೂನಿಯರ್ ಕಾಲೇಜು ಎನ್‌ಸಿಎಎ ಸದಸ್ಯನೇ ಅಲ್ಲ. ಅಲ್ಲಿ ಟಿವಿ ಇಲ್ಲ, ದುಡ್ಡಿಲ್ಲ, ನೋಡೋರು ಕಮ್ಮಿ. ನಿಮ್ಮ ಸಂಸ್ಥೆಯ ಹೊರಗೆ ನಾನು ಆಡಿದ್ದನ್ನ ನಿಮ್ಮ ಖಾತೆಯಲ್ಲಿ ಹೇಗೆ ಕಳೀತೀರಿ? ಇದು ನನ್ನ ದುಡಿಮೆಗೆ ಅಡ್ಡಿ, ಸ್ಪರ್ಧಾ ಕಾನೂನಿನ ಉಲ್ಲಂಘನೆ.

2024ರ ಡಿಸೆಂಬರ್ 18ರಂದು ನ್ಯಾಶ್‌ವಿಲ್‌ನ ಫೆಡರಲ್ ನ್ಯಾಯಾಧೀಶ ವಿಲಿಯಂ ಕ್ಯಾಂಪ್‌ಬೆಲ್ ಅವನ ಪರ ತಡೆಯಾಜ್ಞೆ ಕೊಟ್ಟರು. ಬೆನ್ನಲ್ಲೇ ಎನ್‌ಸಿಎಎ ಅದೇ ಸ್ಥಿತಿಯಲ್ಲಿದ್ದ ಜೂನಿಯರ್ ಕಾಲೇಜು ಆಟಗಾರರಿಗೆ ಒಂದು ವರ್ಷದ ವಿನಾಯಿತಿ ಕೊಟ್ಟಿತು. ಪಾವಿಯಾ 2025ರಲ್ಲಿ ಆಡಿ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಎರಡನೇ ಸ್ಥಾನ ಪಡೆದ. ‘ಮುಗೀತು’ ಅಂತ ಹೇಳಿದ್ದ ವರ್ಷ ಅದು!

ಆದ್ರೆ ಎಲ್ಲಾ ಕೋರ್ಟೂ ಹೀಗೆ ಹೇಳಿಲ್ಲ. ವಿಸ್ಕಾನ್ಸಿನ್‌ನ ಒಬ್ಬ ಆಟಗಾರ ಮೊದಲ ವರ್ಷಗಳನ್ನ ಡಿವಿಷನ್ 2ರಲ್ಲಿ ಕಳೆದಿದ್ದ. ಅವನಿಗೂ ಕೆಳ ಕೋರ್ಟ್ ಇನ್ನೊಂದು ವರ್ಷ ಕೊಟ್ಟಿತ್ತು. 2025ರ ಜುಲೈನಲ್ಲಿ ಮೇಲ್ಮನವಿ ಕೋರ್ಟ್ ಅದನ್ನ ರದ್ದು ಮಾಡಿತು. ಹೀಗಾಗಿ ಯಾವ ಊರಿನ ಕೋರ್ಟ್‌ಗೆ ಹೋಗ್ತೀರಿ ಅನ್ನೋದರ ಮೇಲೆ ನಿಮ್ಮ ಸೀಸನ್ ನಿಂತಿದೆ. ಈ ಎಣಿಕೆ ಗೋಜೇ ಬೇಡ, ಐದು ವರ್ಷ ಅಂದ್ರೆ ಐದು ಸೀಸನ್ ಆಡಲಿ ಬಿಡಿ ಅನ್ನೋ ವಾದ ಈಗ ಜೋರಾಗಿದೆ. ನನಗೂ ಅದೇ ಸರಿ ಅನ್ಸುತ್ತೆ. ಕನಿಷ್ಠ ಹತ್ತು ಸೆಕೆಂಡ್ ಆಡಿದ ಹುಡುಗ ಬಚಾವಾಗ್ತಾನೆ.

ಐಸ್ ಹಾಕಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಕೆನಡಾದ ಜೂನಿಯರ್ ಲೀಗ್ ಒಂದರಲ್ಲಿ, ಸಿಎಚ್‌ಎಲ್ ಅಂತಾರೆ, ಆಡಿದವರನ್ನ ಎನ್‌ಸಿಎಎ ವೃತ್ತಿಪರರು ಅಂತ ಪರಿಗಣಿಸ್ತಿತ್ತು. 16ನೇ ವಯಸ್ಸಲ್ಲಿ ವಿಂಡ್ಸರ್ ಸ್ಪಿಟ್‌ಫೈರ್ಸ್ ಪರ ಎರಡು ಎಕ್ಸಿಬಿಷನ್ ಮ್ಯಾಚ್ ಆಡಿದ ಹುಡುಗನಿಗೆ ಡಿವಿಷನ್ 1ರ ಬಾಗಿಲೇ ಮುಚ್ಚಿತು. ಪಾಯಿಂಟ್ ಇಲ್ಲದ, ಲೀಗ್‌ಗೆ ಲೆಕ್ಕ ಇಲ್ಲದ ಎರಡು ಮ್ಯಾಚ್! ಅವನು 2024ರಲ್ಲಿ ಕೇಸ್ ಹಾಕಿದ. ಆ ವರ್ಷ ನವೆಂಬರ್‌ನಲ್ಲಿ ನಿಯಮ ಬದಲಾಯ್ತು, 2025ರ ಆಗಸ್ಟ್‌ನಿಂದ ಸಿಎಚ್‌ಎಲ್ ಹುಡುಗರೂ ಕಾಲೇಜಿಗೆ ಬರಬಹುದು.

2025ರ ಡಿಸೆಂಬರ್‌ನಲ್ಲಿ ಜೇಮ್ಸ್ ನಾಜಿ ಬಂದ. ನೈಜೀರಿಯಾದವನು, ಬಾರ್ಸಿಲೋನಾದಲ್ಲಿ ವೃತ್ತಿಪರವಾಗಿ ಬಾಸ್ಕೆಟ್‌ಬಾಲ್ ಆಡಿದವನು, 2023ರ ಎನ್‌ಬಿಎ ಡ್ರಾಫ್ಟ್‌ನಲ್ಲಿ 31ನೆಯವನಾಗಿ ಆಯ್ಕೆಯಾದವನು. ಬೇಲರ್ ಯೂನಿವರ್ಸಿಟಿಗೆ ಸೇರಿ ಆಡೋಕೆ ಎನ್‌ಸಿಎಎ ಅನುಮತಿ ಕೊಟ್ಟಿತು. ಒಂದು ಕಡೆ ಊರಿನ ಟೂರ್ನಮೆಂಟ್‌ಗೂ ಅನ್ವಯ ಆಗೋ ಪಟ್ಟಿ, ಇನ್ನೊಂದು ಕಡೆ ಯೂರೋಲೀಗ್‌ನಿಂದ ನೇರ ಎಂಟ್ರಿ. ಅನೇಕ ಕೋಚ್‌ಗಳು ಬಹಿರಂಗವಾಗೇ ಸಿಟ್ಟಾದರು. ನಾನಾದ್ರೂ ನಾಜಿಯನ್ನ ದೂರಲ್ಲ, ಬಾಗಿಲು ತೆರೆದಿದ್ರೆ ಯಾರಾದ್ರೂ ಒಳಗೆ ಹೋಗ್ತಾರೆ. ಆದ್ರೆ ಲಾಯರ್ ಇಲ್ಲದ, ಇಂಗ್ಲಿಷ್ ರೂಲ್‌ಬುಕ್ ಓದೋಕೆ ಪಕ್ಕದಲ್ಲಿ ಯಾರೂ ಇಲ್ಲದ ಹುಡುಗಿಗೆ ಬಾಗಿಲು ಎಲ್ಲಿದೆ ಅಂತಾನೇ ಕಾಣಲ್ಲ.

ನಮ್ಮ ಕಡೆಯ ಪುಸ್ತಕ

ಕೊನೆಯದಾಗಿ ಒಂದು ವಿಷಯ. ಯಾವ ಆಟ ಲೆಕ್ಕ ಅನ್ನೋ ಈ ತಕರಾರು ಅಮೆರಿಕದ್ದು ಮಾತ್ರ ಅಲ್ಲ. ಕಾಲೇಜು ಸ್ಪರ್ಧೆಯನ್ನ ನಾವು ಹೇಗೆ ಎಣಿಸ್ತೀವಿ ಅನ್ನೋದಕ್ಕೆ ತೇಜಸ್ವಿನ್ ಶಂಕರ್ ಸಾಕ್ಷಿ.

ದೆಹಲಿಯ ಹೈಜಂಪರ್ ತೇಜಸ್ವಿನ್ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಗೆ ಸ್ಕಾಲರ್‌ಶಿಪ್ ಮೇಲೆ ಹೋದವರು. 2018ರಲ್ಲಿ ಟೆಕ್ಸಾಸ್‌ನ ಲಬಕ್‌ನಲ್ಲಿ ನಡೆದ ಕೂಟದಲ್ಲಿ 2.29 ಮೀಟರ್ ಹಾರಿದರು. ಅದು ಭಾರತದ ರಾಷ್ಟ್ರೀಯ ದಾಖಲೆ ಆಯ್ತು. ಅದು ಲೆಕ್ಕಕ್ಕೆ ಬಂತು.

2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟ. ಅರ್ಹತೆಗೆ ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ ಇಟ್ಟ ಎತ್ತರ 2.27 ಮೀಟರ್. ಜೂನ್‌ನಲ್ಲಿ ಒರೆಗಾನ್‌ನಲ್ಲಿ ನಡೆದ ಎನ್‌ಸಿಎಎ ಚಾಂಪಿಯನ್‌ಶಿಪ್‌ನಲ್ಲಿ ತೇಜಸ್ವಿನ್ ಸರಿಯಾಗಿ 2.27 ಹಾರಿ ಚಿನ್ನ ಗೆದ್ದರು. ಆದ್ರೆ ಆಯ್ಕೆಯಾದ ತಂಡದಲ್ಲಿ ಹೆಸರಿಲ್ಲ. ಕಾರಣ, ಅದೇ ಹೊತ್ತಿಗೆ ಚೆನ್ನೈನಲ್ಲಿ ನಡೆದ ಅಂತರರಾಜ್ಯ ಚಾಂಪಿಯನ್‌ಶಿಪ್‌ನಲ್ಲಿ ಅವರು ಆಡಿರಲಿಲ್ಲ. ಬಾರ್ ಅಷ್ಟೇ ಎತ್ತರ, ಹಾರಿದ್ದು ಅದೇ ದೇಹ. ಆದ್ರೆ ಆಯ್ಕೆಗೆ ಬೇಕಾದ ಸ್ಪರ್ಧೆ ಇದಲ್ಲ, ಅದು ಅಂತ.

ತೇಜಸ್ವಿನ್ ದೆಹಲಿ ಹೈಕೋರ್ಟ್‌ಗೆ ಹೋದರು. ಕೋರ್ಟ್ ಹೇಳಿದ ಮೇಲೆ ಫೆಡರೇಷನ್ ಹೆಸರು ಸೇರಿಸಿತು. ತಡವಾಗಿ ಬಂದ ಹೆಸರು ಅಂತ ಕ್ರೀಡಾಕೂಟದ ಆಯೋಜಕರು ಮೊದಲು ಬೇಡ ಅಂದರು, ಆಮೇಲೆ ಒಪ್ಪಿದರು. ಆಗಸ್ಟ್ 3ರಂದು ಅವರು 2.22 ಮೀಟರ್ ಹಾರಿ ಕಂಚು ಗೆದ್ದರು. ಕಾಮನ್‌ವೆಲ್ತ್ ಕ್ರೀಡಾಕೂಟದ ಹೈಜಂಪ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು.

ನಿಮ್ಮ ಪೈಕಿ ಯಾರಾದ್ರೂ ಈಗ ಪಿಯುಸಿಯಲ್ಲಿದ್ದು ಅಮೆರಿಕದ ಕಾಲೇಜುಗಳಿಗೆ ವಿಡಿಯೋ ಕಳಿಸ್ತಾ ಇದ್ರೆ, ಕಾಮೆಂಟ್‌ನಲ್ಲಿ ನಿಮ್ಮ ಆಟ ಯಾವುದು, ಪಿಯುಸಿ ಮುಗಿಯೋದು ಯಾವಾಗ ಅಂತ ಬರೀರಿ. ಟೆನಿಸ್‌ನವರು ಮೊದಲು ಬರೀರಿ. ನಿಮಗಿರೋದು ಆರೇ ತಿಂಗಳು.